ಬರ್ಲಿನ್ ಅರಮನೆಯ ಉಳಿದರ್ಧ ಕಥೆ

ಸಂಪಾದಕರಿಗೆ ನಮಸ್ಕಾರ.

ಯುದ್ಧದಲ್ಲಿ ಹಾಳಾದ ಬರ್ಲಿನ್ ಅರಮನೆಯನ್ನು ಜರ್ಮನ್ನರು ಮತ್ತೆ ಕಟ್ಟಿದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಕಮ್ಯುನಿಸ್ಟರು ಕೆಡವಿದರು, ಪ್ರಜಾಪ್ರಭುತ್ವ ಬಂದ ಮೇಲೆ ಕಟ್ಟಿದರು ಅನ್ನುವುದು ಅದರ ಸಾರ. ಅಲ್ಲಿಗೆ ಕಥೆ ಅರ್ಧವಷ್ಟೇ ಆಯಿತು. ನಾನು ಸರ್ಕಾರಿ ಕಟ್ಟಡಗಳ ಎಂಜಿನಿಯರ್ ಆಗಿ ನಿವೃತ್ತಳಾದವಳು. ಮಗಳು ಬರ್ಲಿನ್‌ನಲ್ಲಿ ಇರುವುದರಿಂದ ಆ ಜಾಗವನ್ನು ಓಡಾಡಿ ನೋಡಿದ್ದೇನೆ. ಉಳಿದರ್ಧ ಹೇಳಲು ಅವಕಾಶ ಕೊಡಿ.

1945ರ ಫೆಬ್ರವರಿ 3ರಂದು ಬಾಂಬ್ ಬಿದ್ದು ಅರಮನೆ ಹೊತ್ತಿ ಉರಿಯಿತು. ಆದರೂ ಹೊರಗೋಡೆಗಳು ಬಹುಪಾಲು ನಿಂತಿದ್ದವು. ಯುದ್ಧ ಮುಗಿದ ಮೇಲೆ ಒಂದು ಭಾಗದಲ್ಲಿ ಪ್ರದರ್ಶನಗಳೂ ನಡೆದವು. 1950ರಲ್ಲಿ ಪೂರ್ವ ಜರ್ಮನಿಯ ನಾಯಕ ವಾಲ್ಟರ್ ಉಲ್‌ಬ್ರಿಕ್ಟ್ ಅದನ್ನು ಸಿಡಿಮದ್ದು ಇಟ್ಟು ಉಡಾಯಿಸಿದರು. ತುಂಬಾ ಹಾಳಾಗಿದೆ, ರಿಪೇರಿಗೆ ದುಡ್ಡಿಲ್ಲ ಎಂದು ಹೇಳಿಕೊಂಡರು. ನಿಜವಾಗಿ ಬೇಕಾಗಿದ್ದದ್ದು ಮೆರವಣಿಗೆಗೆ ದೊಡ್ಡ ಬಯಲು. ಆ ಅರಮನೆಯಲ್ಲಿ ಆಳಿದ ಪ್ರಷ್ಯದ ರಾಜರ ಗುರುತೂ ಅಲ್ಲಿ ಇರಬಾರದಿತ್ತು. ಒಂದು ಹೆಬ್ಬಾಗಿಲನ್ನು ಮಾತ್ರ ಉಳಿಸಿಕೊಂಡರು. 1918ರ ನವೆಂಬರ್ 9ರಂದು ಎಡಪಂಥದ ನಾಯಕ ಕಾರ್ಲ್ ಲೀಬ್‌ಕ್ನೆಕ್ಟ್ ಸಮಾಜವಾದಿ ಗಣರಾಜ್ಯ ಘೋಷಿಸಿದ್ದು ಆ ಬಾಗಿಲಿನ ಮೇಲಿನ ಬಾಲ್ಕನಿಯಿಂದ ಎಂಬ ಕಾರಣಕ್ಕೆ.

ಲೇಖನದಲ್ಲಿ ಇಲ್ಲದ ಭಾಗ ಇನ್ನು ಮುಂದಿನದು. 1976ರಲ್ಲಿ ಅದೇ ಬಯಲಿನಲ್ಲಿ 'ಗಣರಾಜ್ಯದ ಅರಮನೆ' ಎಂಬ ಕಟ್ಟಡ ಎದ್ದಿತು. ಪೂರ್ವ ಜರ್ಮನಿಯ ಸಂಸತ್ತು ಅಲ್ಲಿತ್ತು. ಹೋಟೆಲು, ನಾಟಕ, ಸಂಗೀತ, ಬೌಲಿಂಗ್ ಎಲ್ಲವೂ ಇದ್ದವು. ಜನ ಮದುವೆ ಊಟಕ್ಕೂ ಅಲ್ಲಿಗೆ ಹೋಗುತ್ತಿದ್ದರು. ಎರಡು ಜರ್ಮನಿ ಒಂದಾಗಲಿ ಎಂದು 1990ರ ಆಗಸ್ಟ್‌ನಲ್ಲಿ ಆ ಸಂಸತ್ತು ಮತ ಹಾಕಿದ್ದೂ ಅಲ್ಲೇ. ಮುಂದಿನ ತಿಂಗಳೇ ಅದಕ್ಕೆ ಬೀಗ ಬಿತ್ತು. ಕಾರಣ ಕಲ್ನಾರು, ಅಂದರೆ ಆಸ್ಬೆಸ್ಟಾಸ್.

ಕಲ್ನಾರು ಸಣ್ಣ ವಿಷಯವಲ್ಲ, ಶ್ವಾಸಕೋಶಕ್ಕೆ ಕಂಟಕ. ಅದನ್ನು ತೆಗೆಯಲೇಬೇಕಿತ್ತು, ತೆಗೆದರು ಕೂಡ. 2003ರ ಹೊತ್ತಿಗೆ ಕೆಲಸ ಮುಗಿದು ಉಕ್ಕು ಮತ್ತು ಕಾಂಕ್ರೀಟಿನ ಗಟ್ಟಿ ಚೌಕಟ್ಟು ಉಳಿದಿತ್ತು. ಕಲಾವಿದರು ಅದರೊಳಗೆ ನಾಟಕ, ಪ್ರದರ್ಶನ ನಡೆಸಿದರು. ಅಂದರೆ, ಯಾವ ಕಾರಣಕ್ಕೆ ಮುಚ್ಚಿದರೋ ಆ ಕಾರಣವೇ ಇರಲಿಲ್ಲ. ಆದರೂ 2006ರಿಂದ 2008ರೊಳಗೆ ಅದನ್ನು ಒಡೆದು ಹಾಕಿದರು. ಹಳೆಯ ಅರಮನೆಯ ಹೊರರೂಪ ಮತ್ತೆ ಬರಲಿ ಎಂದು ಒಂದಾದ ಜರ್ಮನಿಯ ಸಂಸತ್ತು 2002ರಲ್ಲೇ ತೀರ್ಮಾನಿಸಿ ಆಗಿತ್ತು. ಪಶ್ಚಿಮ ಬರ್ಲಿನ್‌ನಲ್ಲಿ 1979ರಲ್ಲಿ ಕಟ್ಟಿದ ಐಸಿಸಿ ಎಂಬ ದೊಡ್ಡ ಸಮ್ಮೇಳನ ಕೇಂದ್ರದಲ್ಲೂ ಕಲ್ನಾರು ಇದೆ. ಅದು ಇಂದಿಗೂ ನಿಂತಿದೆ, 2019ರಲ್ಲಿ ಸಂರಕ್ಷಿತ ಸ್ಮಾರಕವೂ ಆಯಿತು. ಪೂರ್ವದವರ ಕಟ್ಟಡಕ್ಕೊಂದು ನ್ಯಾಯ, ಪಶ್ಚಿಮದವರದಕ್ಕೆ ಇನ್ನೊಂದು, ಅಲ್ವಾ?

ನನಗೆ ಸಿಟ್ಟು ಬರುವುದು ಇಲ್ಲೇ. ಸರ್ವಿಸ್‌ನಲ್ಲಿದ್ದಾಗ ಹಳೇ ಕಟ್ಟಡಗಳನ್ನು ಪರೀಕ್ಷೆ ಮಾಡಿ ಎಷ್ಟೋ ವರದಿ ಬರೆದಿದ್ದೇನೆ. ಗೋಡೆ ಗಟ್ಟಿಯಾಗಿದೆ ಎಂದು ಬರೆದರೆ ಮೇಲಿನವರ ಮುಖ ಸಣ್ಣದಾಗುತ್ತಿತ್ತು. ಯಾಕೆಂದರೆ ಜಾಗ ಯಾರಿಗೆ ಎಂಬುದು ಮೊದಲೇ ನಿಶ್ಚಯವಾಗಿರುತ್ತಿತ್ತು. ರಾಜಕೀಯದವರು ತಮ್ಮ ಸಿದ್ಧಾಂತಕ್ಕಾಗಿ ಕೆಡವುವುದಾದರೆ ಹಾಗೆಂದು ಬಾಯಿಬಿಟ್ಟು ಹೇಳಲಿ. ಜನ ಒಪ್ಪಲಿ, ಬಿಡಲಿ. ಎಂಜಿನಿಯರನ ವರದಿಯನ್ನು ಮುಂದಿಟ್ಟು ಹಿಂದೆ ನಿಲ್ಲಬಾರದು. 1950ರಲ್ಲಿ ಕಮ್ಯುನಿಸ್ಟರು ಅದನ್ನೇ ಮಾಡಿದರು, ಆಮೇಲಿನವರೂ ಅದನ್ನೇ ಮಾಡಿದರು.

ಕಮ್ಯುನಿಸ್ಟರು ಅಂದರೆ ಬರೀ ಕೆಡವುವವರು ಎಂಬುದೂ ಸರಿಯಲ್ಲ. ನಾಜಿಗಳು ನೆಲಸಮ ಮಾಡಿದ ಪೋಲೆಂಡಿನ ರಾಜಧಾನಿ ವಾರ್ಸಾದ ಹಳೆ ಪಟ್ಟಣವನ್ನು ಮತ್ತೆ ಎಬ್ಬಿಸಿದ್ದು ಕಮ್ಯುನಿಸ್ಟ್ ಸರ್ಕಾರ. 18ನೇ ಶತಮಾನದ ಚಿತ್ರಕಾರ ಬೆಲ್ಲೊಟ್ಟೊ ಬಿಡಿಸಿದ್ದ ಚಿತ್ರಗಳನ್ನೂ ನೋಡಿಕೊಂಡು ಕಟ್ಟಿದರು. ರಾಜರ ಕೋಟೆಗೆ ಮಾತ್ರ ಅಪ್ಪಣೆ ಸಿಕ್ಕಿದ್ದು 1971ರಲ್ಲಿ. ಸಾಮಾನ್ಯ ಜನ ದೇಣಿಗೆ ಕೊಟ್ಟು ಅದನ್ನು ಕಟ್ಟಿಸಿದರು. ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಇದಕ್ಕೆ ತದ್ವಿರುದ್ಧ. ಯುದ್ಧದಲ್ಲಿ ಉಳಿದುಕೊಂಡಿದ್ದ ವಿಶ್ವವಿದ್ಯಾಲಯದ ಚರ್ಚನ್ನು ಶಾಂತಿಕಾಲದಲ್ಲಿ, 1968ರ ಮೇ 30ರಂದು, ಉಡಾಯಿಸಿದರು.

ಈಗಿನ ಬರ್ಲಿನ್ ಅರಮನೆಗೆ ಸುಮಾರು 68 ಕೋಟಿ ಯೂರೊ ಖರ್ಚಾಗಿದೆ. ಮೂರು ಕಡೆ ಹಳೆಯ ಶೈಲಿಯ ಕಲ್ಲಿನ ಮುಖ, ಒಳಗೆಲ್ಲ ಕಾಂಕ್ರೀಟು, ನದಿಯ ಕಡೆ ಹೊಸ ಕಾಲದ ಗೋಡೆ. ಒಳಗೆ ಏಷ್ಯಾ, ಆಫ್ರಿಕಾದಿಂದ ತಂದ ವಸ್ತುಗಳ ಸಂಗ್ರಹಾಲಯ. ಗುಮ್ಮಟದ ಮೇಲೆ ಶಿಲುಬೆ, ಅದರ ಕೆಳಗೆ ಯೇಸುವಿನ ಹೆಸರಿಗೆ ಎಲ್ಲರೂ ಮಂಡಿಯೂರಬೇಕು ಎಂಬ ಬರಹ. ಅದು ರಾಜ ನಾಲ್ಕನೇ ಫ್ರೆಡ್ರಿಕ್ ವಿಲ್‌ಹೆಲ್ಮ್ ಹಾಕಿಸಿದ್ದ ಬರಹವೇ. 2020ರಲ್ಲಿ ಮತ್ತೆ ಮೇಲೇರಿತು. ಬೇರೆಯವರ ದೇವರುಗಳನ್ನು ಒಳಗಿಟ್ಟು ಮೇಲೆ ಹೀಗೆ ಬರೆಯುವುದು ನನಗೆ ಸರಿ ಕಾಣಲಿಲ್ಲ. ಅಲ್ಲಿನ ಜನರಲ್ಲೂ ಇದರ ಬಗ್ಗೆ ದೊಡ್ಡ ಜಗಳವೇ ನಡೆಯಿತು.

ಬರ್ಲಿನ್‌ಗೆ ಹೋಗುವ ಕನ್ನಡಿಗರು ಅರಮನೆಯ ಮುಂದೆ ಫೋಟೊ ತೆಗೆಸಿಕೊಂಡು ಸುಮ್ನೆ ಬಂದುಬಿಡಬೇಡಿ. ಹತ್ತಿರದಲ್ಲೇ ನೊಯೆಸ್ ಮ್ಯೂಸಿಯಂ ಇದೆ. ವಾಸ್ತುಶಿಲ್ಪಿ ಡೇವಿಡ್ ಚಿಪ್ಪರ್‌ಫೀಲ್ಡ್ ಗುಂಡೇಟಿನ ಗುರುತು, ಬೆಂಕಿಯ ಕಲೆ ಎಲ್ಲವನ್ನೂ ಹಾಗೇ ಬಿಟ್ಟು, ಇಲ್ಲದ್ದನ್ನು ಸರಳ ಇಟ್ಟಿಗೆಯಲ್ಲಿ ತುಂಬಿ ಕೊಟ್ಟಿದ್ದಾರೆ. ಯಾವುದು ಹಳೇದು, ಯಾವುದು ಹೊಸದು ಎಂದು ಮಕ್ಕಳಿಗೂ ಗೊತ್ತಾಗುತ್ತದೆ. ಹಾಗೇ ಅರಮನೆಯ ದಕ್ಷಿಣಕ್ಕೆ, ಪೂರ್ವ ಜರ್ಮನಿಯ ಹಳೇ ಸರ್ಕಾರಿ ಕಟ್ಟಡದ ಮುಖದಲ್ಲಿ, ಆ ಲೀಬ್‌ಕ್ನೆಕ್ಟ್ ಬಾಗಿಲನ್ನೂ ನೋಡಿ. ಅದರ ನಕಲು ಹೊಸ ಅರಮನೆಯಲ್ಲೂ ಇದೆ. ಒಂದೇ ಬಾಗಿಲು ಎರಡು ಕಡೆ ಯಾಕೆ ನಿಂತಿದೆ ಎಂಬುದನ್ನೂ ನಿಮ್ಮ ಪತ್ರಿಕೆ ಓದುಗರಿಗೆ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

– ನಿವೃತ್ತ ಎಂಜಿನಿಯರ್, ಮೈಸೂರು