ದಕ್ಕೆಯ ಹರ್ನಿಯಾ ಕರಪತ್ರ ಮುಗಿಯಿತು, ಸಿಸ್ಟರಿಗೊಂದು ಮಾತು

ಮಂಗಳೂರು ದಕ್ಕೆಯಲ್ಲಿ (ಮೀನುಗಾರಿಕೆ ಬಂದರು) ಮೀನಿನ ಬುಟ್ಟಿ, ಐಸು ಹೊರುವವರಿಗೆಂದು ಮಾಡಿದ ಕರಪತ್ರ ಕೊನೆಗೂ ಅಚ್ಚಾಗಿ ಬಂತು. ಚಿತ್ರ ಬರೆದವರು, ತುಳುವಿನಲ್ಲಿ ಓದಿ ತಿದ್ದಿದವರು, ಪ್ರೆಸ್ಸಿನವರು, ಬೋಟು ನಡೆಸುವ ತಂಡೇಲರು, ಎಲ್ಲರಿಗೂ ವಂದನೆ.

ದೊಡ್ಡ ಋಣ ಮಾತ್ರ ಆ ರಾತ್ರಿ ಸರ್ಜರಿ ವಾರ್ಡಿನಲ್ಲಿದ್ದ ಸಿಸ್ಟರದು. ಹೆಸರು ಹಾಕಬೇಡಿ ಅಂದಿದ್ದಾರೆ. ತೊಡೆಸಂದಿನ ಹರ್ನಿಯಾ, ಅಂದರೆ ಕರುಳು ಹೊರಗೆ ಜಾರಿ ಆದ ಬಾವು, ಬಿಗಿದುಕೊಂಡ ಒಬ್ಬರನ್ನು ಅಂದು ವಾರ್ಡಿಗೆ ತಂದಿದ್ದರು; ಸಿಸ್ಟರ್ ಮಾಡಿದ್ದನ್ನಷ್ಟೇ ಬರೆಯುತ್ತೇವೆ. ಬಾವಿನ ಮೇಲೆ ಎಣ್ಣೆ ತಿಕ್ಕಿ ಒಳಗೊತ್ತಲು ಹೊರಟ ಕೈಯನ್ನು ಹಿಡಿದು ನಿಲ್ಲಿಸಿದರು. ಕೊಳೆತ ಕರುಳು ಹಾಗೇ ಒಳಗೆ ಹೋಗಿ ಒಡೆದರೆ ಹೊಟ್ಟೆಯೆಲ್ಲ ನಂಜು. ನೆಂಟರು ಪ್ರೀತಿಯಿಂದ ತಂದ ಬೊಂಡವನ್ನು (ಎಳನೀರು) ಬಾಗಿಲಲ್ಲೇ ಇಡಿಸಿದರು. ಮೂಗಿನಿಂದ ರೈಲ್ಸ್ ಟ್ಯೂಬ್ ಇಳಿಸಿ ಹೊಟ್ಟೆ ಖಾಲಿ ಮಾಡಿದರು. ಗಂಟೆಗೊಮ್ಮೆ ಮೂತ್ರದ ಚೀಲ ಬಗ್ಗಿ ನೋಡಿದರು. 60 ಕಿಲೋದ ಆಳಿಗೆ ಗಂಟೆಗೆ 30 ಮಿಲಿಯಾದರೂ ಬೇಕು, ಕಡಿಮೆಯಾದ ಕೂಡಲೇ ಡಾಕ್ಟರನ್ನು ಎಬ್ಬಿಸಿದರು.

ಬಾವು ಮೂರು ವರ್ಷದಿಂದ ಇತ್ತಂತೆ. ಹೆಂಡತಿಗೂ ಹೇಳಿರಲಿಲ್ಲ. "ಅಡಗಿಸಿ ಇಡ್ಲಿಕ್ಕೆ ಇದೇನು ಕದ್ದ ಮಾಲಾ?" ಎಂದು ಗದರಿದ ಸಿಸ್ಟರ್, ಆಪರೇಷನ್ನಿಗೆ ಒಳಗೆ ಕರೆದೊಯ್ದ ಮೇಲೆ ವರಾಂಡದಲ್ಲಿ ನಿಂತು ಅತ್ತರು. ಕರಪತ್ರದ ಮೊದಲ ಸಾಲು ಆ ಪ್ರಶ್ನೆಯೇ.

ಉಳಿದದ್ದು ಇಷ್ಟು. ತೊಡೆಸಂದಿನಲ್ಲಿ ಹೊಟ್ಟೆಯ ಗೋಡೆಯೊಳಗೆ ಓರೆಯಾಗಿ ಹಾಯುವ ಸುಮಾರು 4 ಸೆಂ.ಮೀ. ದಾರಿಯಿದೆ. ಗಂಡಸರಲ್ಲಿ ಬೀಜದ ನಾಳ, ರಕ್ತನಾಳ ಇಳಿಯುವುದು ಅದರಲ್ಲೇ. ಅಲ್ಲಿ ಗೋಡೆ ಸಡಿಲಾದರೆ ಕರುಳೋ ಒಳಗಿನ ಕೊಬ್ಬೋ ಹೊರಗೆ ಜಾರುತ್ತದೆ. ಕೆಮ್ಮಿದರೆ ಉಬ್ಬುತ್ತದೆ, ಮಲಗಿದರೆ ಸಾಮಾನ್ಯವಾಗಿ ಒಳಗೆ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಆನೆಕಾಲಿನ ಸೊಳ್ಳೆಯಿಂದ ಬೀಜದಲ್ಲಿ ನೀರು ತುಂಬುವುದೂ ಇದ್ದುದರಿಂದ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಬಾವಿನ ಮೇಲ್ತುದಿ ಬೆರಳಿಗೆ ಸಿಕ್ಕಿ, ಟಾರ್ಚಿನ ಬೆಳಕು ಹಾದರೆ ಸಾಮಾನ್ಯವಾಗಿ ಅದು ನೀರು. ತೊಡೆಸಂದಿನಿಂದ ಇಳಿದ ಹರ್ನಿಯಾಕ್ಕೆ ಮೇಲ್ತುದಿ ಸಿಗುವುದಿಲ್ಲ.

ಬಾವು ಗಟ್ಟಿಯಾಗಿ, ಒಳಗೆ ಹೋಗದೆ, ನೋವು, ವಾಂತಿ ಶುರುವಾಗಿ ಗ್ಯಾಸೂ ಹೋಗದಿದ್ದರೆ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ಬಿಗಿದ ಕರುಳು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಸೊಂಟಕ್ಕೆ ಕಟ್ಟುವ ಬೆಲ್ಟು ತೂತು ಮುಚ್ಚುವುದಿಲ್ಲ. ಅದನ್ನು ಮುಚ್ಚುವುದು ಆಪರೇಷನ್, ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಜಾಲರಿ ಇಟ್ಟು.

ರಜೆ ಸಿಗುವುದಿಲ್ಲ ಎನ್ನುವವರಿಗೆ ಒಂದು ಲೆಕ್ಕ ಕೊನೆಯ ಪುಟದಲ್ಲಿದೆ: ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಯಾಂತ್ರಿಕ ಬೋಟುಗಳು ಹೇಗೂ ಕಡಲಿಗಿಳಿಯುವುದಿಲ್ಲ, 61 ದಿನ. ಭಾರ ಎತ್ತದೆ ಇರಬೇಕಾದದ್ದು 4ರಿಂದ 6 ವಾರ. ಈ ಲೆಕ್ಕ ಹಾಕಿಕೊಟ್ಟದ್ದೂ ಸಿಸ್ಟರೇ.