ಹದಿನಾರಕ್ಕೇ ಓಟದ ಸ್ಪೈಕ್ಸ್ ಶೂ ಎತ್ತಿಡಬೇಡ ಪುಟ್ಟಿ

ಪುಟ್ಟಿ,

ರಾಜ್ಯ ಮಟ್ಟದ 800 ಮೀಟರ್‌ನಲ್ಲಿ ಏಳನೇ ಸ್ಥಾನ ಬಂತು ಅಂತ ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲವಂತೆ, ಇನ್ನು ಓಡೋದೇ ಇಲ್ಲ ಅಂದೆಯಂತೆ. ನಿನ್ನಮ್ಮ ಫೋನಲ್ಲಿ ಹೇಳಿದಳು. ಮೊದಲು ಊಟ ಮಾಡು, ಆಮೇಲೆ ಇದನ್ನು ಓದು.

ನಿನ್ನ ಓಟದ ಲೆಕ್ಕ ನೋಡಿದೆ. ಮೊದಲ ಸುತ್ತು 64 ಸೆಕೆಂಡು, ಎರಡನೆಯದು 77. ನಿನ್ನಲ್ಲಿ ಓಡುವ ಶಕ್ತಿ ಇಲ್ಲ ಅಂತ ಇದರ ಅರ್ಥ ಅಲ್ಲ, ಇರುವುದನ್ನೆಲ್ಲ ಮೊದಲ ಸುತ್ತಿಗೇ ಸುರಿದುಬಿಟ್ಟೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೀನ್ಯಾದ ಡೇವಿಡ್ ರುಡಿಶಾ 800ರಲ್ಲಿ 1:40.91ರ ವಿಶ್ವದಾಖಲೆ ಮಾಡಿದಾಗ ಮೊದಲ ಸುತ್ತು 49.28, ಎರಡನೆಯದು ಅದಕ್ಕಿಂತ 2.35 ಸೆಕೆಂಡಷ್ಟೇ ಹೆಚ್ಚು. ನಿನಗೆ ಹದಿಮೂರು ಸೆಕೆಂಡು! ಮುಂದಿನ ಸಲ 67ಕ್ಕೆ ಮೊದಲ ಸುತ್ತು ಮುಗಿಸಿ ನೋಡು, 300 ಮೀಟರ್ ಉಳಿದಾಗ ಕಾಲು ಇನ್ನೂ ನಿನ್ನ ಮಾತು ಕೇಳುತ್ತಿರುತ್ತದೆ. ಇನ್ನೊಂದು ವಿಷಯ, ಲೇನ್ ಬಿಟ್ಟು ಒಳಗೆ ಬಂದ ಮೇಲೂ ನೀನು ತಿರುವಿನಲ್ಲೆಲ್ಲ ಬೇರೆಯವರ ಹೊರಗಡೆಯಿಂದಲೇ ಓಡುತ್ತೀಯ. ಎರಡನೇ ಲೇನ್‌ನಲ್ಲಿ ಪೂರ್ತಿ ಒಂದು ಸುತ್ತು ಓಡಿದರೆ ಸುಮಾರು 7 ಮೀಟರ್ ಜಾಸ್ತಿ ಓಡಿದ ಹಾಗೆ. ಯಾರಿಗೂ ಸುಮ್ನೆ ಏಳು ಮೀಟರ್ ಬಿಟ್ಟುಕೊಡಬೇಡ.

ಈಗ ವಯಸ್ಸಿನ ಮಾತು. 800, 1500 ಹದಿನಾರಕ್ಕೆ ತೀರ್ಮಾನ ಆಗುವ ಓಟಗಳಲ್ಲ. ದಮ್ಮು ಬೆಳೆಯಲು ವರ್ಷಗಳು ಬೇಕು, ಆ ವೇಗವನ್ನು ತಡೆಯುವಷ್ಟು ಮೂಳೆ, ನರ, ಸ್ನಾಯು ಗಟ್ಟಿಯಾಗಲು ಇನ್ನೂ ಜಾಸ್ತಿ ಸಮಯ ಬೇಕು. ನಮ್ಮ ದೇಶದ ಓಟಗಾರ್ತಿ ಹರ್ಮಿಲನ್ ಬೈನ್ಸ್ 2021ರಲ್ಲಿ ವಾರಂಗಲ್‌ನಲ್ಲಿ 1500 ಮೀಟರ್ ರಾಷ್ಟ್ರೀಯ ದಾಖಲೆ ಮುರಿದಾಗ ಅವಳಿಗೆ 23, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 800 ಮತ್ತು 1500 ಎರಡರಲ್ಲೂ ಬೆಳ್ಳಿ ಗೆದ್ದಾಗ 25. ಮಂಜೀತ್ ಸಿಂಗ್ ಕತೆ ಅಂತೂ ನಿನಗೆ ಹೇಳಲೇಬೇಕು. 2018ರಲ್ಲಿ ಜಕಾರ್ತ ಏಷ್ಯನ್ ಗೇಮ್ಸ್‌ಗೆ 800 ಓಡಲು ಹೋಗುವಾಗ ಆತನ ಕೈಯಲ್ಲಿ ನೌಕರಿ ಇರಲಿಲ್ಲ, ವಯಸ್ಸು 29ರ ಹತ್ತಿರ, ಪದಕ ಬರುತ್ತದೆ ಅಂತ ಹೆಚ್ಚಿನವರು ಎಣಿಸಿದ್ದು ನಮ್ಮ ದೇಶದ ಇನ್ನೊಬ್ಬ ಓಟಗಾರ ಜಿನ್ಸನ್ ಜಾನ್ಸನ್‌ಗೆ. ಕೊನೆಯ ನೇರದಲ್ಲಿ ಮಂಜೀತ್ ಹಿಂದಿನಿಂದ ಬಂದು 1:46.15ಕ್ಕೆ ಚಿನ್ನ ಗೆದ್ದ. ಜಿನ್ಸನ್‌ಗೆ ಬೆಳ್ಳಿ, ಆದರೆ ಆತನೂ ಬೇಜಾರಲ್ಲಿ ಕೂರಲಿಲ್ಲ, ಅದೇ ಕೂಟದಲ್ಲಿ 1500ರ ಚಿನ್ನ ತಂದ. ಅದೇ ವರ್ಷ ಜೂನ್‌ನಲ್ಲಿ ಜಿನ್ಸನ್ ಮುರಿದಿದ್ದು ಶ್ರೀರಾಮ್ ಸಿಂಗ್ ಅವರ 800ರ ರಾಷ್ಟ್ರೀಯ ದಾಖಲೆಯನ್ನು, 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಫೈನಲ್‌ನ 1:45.77. ನಾಲ್ಕು ದಶಕ ಯಾರೂ ಮುಟ್ಟಲಾಗದ ಆ ಓಟದಲ್ಲಿ ಶ್ರೀರಾಮ್ ಸಿಂಗ್ ಬಂದಿದ್ದು ಎಷ್ಟನೆಯವರಾಗಿ ಗೊತ್ತಾ? ಏಳನೆಯವರಾಗಿ.

ರಜೆಗೆ ಊರಿಗೆ ಬಂದಾಗ ಡಾಂಬರು ರಸ್ತೆ ಬಿಟ್ಟು ತೋಟದ ಪಕ್ಕದ ಮಣ್ಣು ದಾರಿಯಲ್ಲಿ ಓಡು. ನಮ್ಮ ಕಡೆಯ ಏರಿಗಿಂತ ಒಳ್ಳೆಯ ಜಿಮ್ ಬೇಕಿಲ್ಲ. ಏರು ಹತ್ತುವಾಗ ಜೋರಾಗಿ, ಇಳಿಯುವಾಗ ನಡೆದೇ ಬಾ, ಇಳಿಜಾರಲ್ಲಿ ಓಡಿ ಮೊಣಕಾಲು ಹಾಳು ಮಾಡಿಕೊಂಡ ಮಕ್ಕಳನ್ನು ಪಿ.ಟಿ. ಟೀಚರಾಗಿ ಬೇಕಾದಷ್ಟು ನೋಡಿದ್ದೇನೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಡೆ ಓಡಲೇ ಬೇಡ, ಶಿವಮೊಗ್ಗದ ನೆಹರೂ ಸ್ಟೇಡಿಯಂಗೆ ಹೋಗು.

ನನಗೆ ನಿಜವಾಗಿ ಚಿಂತೆ ಇರುವುದು ನಿನ್ನ ಆರೋಗ್ಯದ್ದು. ತೂಕ ಇಳಿದರೆ ವೇಗ ಬರುತ್ತದೆ ಅಂತ ಯಾರೋ ಹೇಳಿದರು ಅಂದೆಯಲ್ಲ, ಆ ಮಾತು ಕಿವಿಗೆ ಹಾಕಿಕೊಳ್ಳಬೇಡ. ಇಷ್ಟು ಓಡುವ ಹುಡುಗಿ ಹೊಟ್ಟೆಗೆ ಕಡಿಮೆ ತಿಂದರೆ ಮುಟ್ಟು ನಿಲ್ಲುತ್ತದೆ, ಮೂಳೆ ಬಿರುಕು ಬಿಡುತ್ತದೆ, ಒಳ್ಳೊಳ್ಳೆ ಓಟಗಾರ್ತಿಯರು ಹೀಗೇ ಮೂಲೆಗೆ ಸೇರಿದ್ದಾರೆ. ಮೂರು ತಿಂಗಳು ಮುಟ್ಟಾಗದಿದ್ದರೆ ನಾಚಿಕೆ ಪಡದೆ ಅಮ್ಮನಿಗೋ ನನಗೋ ಹೇಳು, ಡಾಕ್ಟರ ಹತ್ತಿರ ಹೋಗೋಣ. ಮೆಟ್ಟಿಲು ಹತ್ತಿದರೂ ಸುಸ್ತು ಅಂತಿದ್ದೆ, ಅದು ಕಬ್ಬಿಣದ ಅಂಶ ಕಡಿಮೆಯಾಗಿಯೂ ಇರಬಹುದು. ಹುರುಳಿ ಸಾರು, ನುಗ್ಗೆಸೊಪ್ಪು, ಮೀನು ತಿನ್ನು, ಊಟಕ್ಕೆ ಲಿಂಬೆ ಹಿಂಡಿಕೋ, ಊಟದ ಜೊತೆಗೇ ಚಹಾ ಕುಡಿಯಬೇಡ, ಅದು ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ. ಯಾರಾದರೂ ಶಕ್ತಿಗೆ ಅಂತ ಇಂಜೆಕ್ಷನ್ನೋ ಪುಡಿಯೋ ಕೊಟ್ಟರೆ ಮುಟ್ಟಬೇಡ. ಗೊತ್ತಿಲ್ಲದೆ ತಗೊಂಡೆ ಅಂದರೂ ಡೋಪಿಂಗ್ ಟೆಸ್ಟ್‌ನಲ್ಲಿ ಸಿಕ್ಕಿಬಿದ್ದವಳು ನೀನೇ ಆಗುತ್ತೀಯ.

ಪಿಯುಸಿ ಓದೂ ನಡೆಯಲಿ. ರೈಲ್ವೆ, ಪೊಲೀಸ್‌ನಲ್ಲಿ ಕ್ರೀಡಾ ಕೋಟಾ ಇದೆ ನಿಜ, ಆದರೆ ಮಂಜೀತ್ ಅಂಥವನಿಗೇ ಕೆಲಸ ಇರಲಿಲ್ಲ ಅಲ್ವಾ.

ಸೋಮವಾರ ಬೆಳಿಗ್ಗೆ ಅಮ್ಮನ ಜೊತೆ ಹೋಗಿ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟು ಶೇಖರವಾಗಿದೆ ಅಂತ ತೋರಿಸುವುದು) ಎರಡೂ ಪರೀಕ್ಷೆ ಮಾಡಿಸು, ದುಡ್ಡು ನಾನು ಕಳಿಸಿದ್ದೇನೆ. ರಿಪೋರ್ಟ್ ಬಂದ ತಕ್ಷಣ ಫೋನ್ ಮಾಡು.

ನಿನ್ನ
ದೊಡ್ಡಮ್ಮ