ಒಡೆದ ಭರಣಿಯ ನಂತರದ ಕೆಲಸ

ಉಡುಪಿ

ಚಿರಂಜೀವಿ ಮಗನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಂಗಳೂರಿನ ನಿನ್ನ ಕೋಣೆಯಲ್ಲಿ ನಡೆದದ್ದನ್ನು ನಿನ್ನ ಅಮ್ಮ ಫೋನಿನಲ್ಲಿ ತಿಳಿಸಿದಳು. ಜೊತೆಗಾರನ ಮನೆಯಿಂದ ಬಂದಿದ್ದ ಮಿಡಿ ಉಪ್ಪಿನಕಾಯಿಯ ಭರಣಿ ನಿನ್ನ ಮೊಣಕೈ ತಾಗಿ ಬಿದ್ದು ಒಡೆಯಿತೆಂದೂ, ನೀನು "ನನಗೆ ಆಟಿಸಂ ಇದೆ, ಇದು ನನ್ನ ತಪ್ಪಲ್ಲ" ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆಯೆಂದೂ, ಆ ಹುಡುಗ ನೆಲದ ಮೇಲೆ ಹರಡಿದ ಕೆಂಪು ರಸದಿಂದ ಪಿಂಗಾಣಿ ಚೂರುಗಳನ್ನು ಒಬ್ಬನೇ ಹೆಕ್ಕಿದನೆಂದೂ ಕೇಳಿದ ಮೇಲೆ ಬರೆಯದೆ ಇರಲಾಗಲಿಲ್ಲ.

ನೀನು ಹೇಳಿದ ಮಾತು ನಿಜ. ಕಣ್ಣು ಮುಚ್ಚಿಕೊಂಡರೂ ನಮ್ಮ ಬೆರಳು ಮೂಗಿನ ತುದಿಯನ್ನು ಮುಟ್ಟುವುದು, ಕೈಕಾಲು ಎಲ್ಲಿದೆಯೆಂಬ ಸುದ್ದಿಯನ್ನು ಸ್ನಾಯುಗಳೂ ಕೀಲುಗಳೂ ಮಿದುಳಿಗೆ ಸದಾ ಮುಟ್ಟಿಸುತ್ತಿರುವುದರಿಂದ. ಆಟಿಸಂ ಇರುವ ಅನೇಕರಲ್ಲಿ ಈ ಸುದ್ದಿಯನ್ನು ಚಲನೆಯೊಂದಿಗೆ ಹೊಂದಿಸುವುದು ಕಷ್ಟವಾಗುತ್ತದೆ. 1943ರಲ್ಲಿ ಲಿಯೊ ಕ್ಯಾನರ್ ಎಂಬ ವೈದ್ಯರು ಆಟಿಸಂ ಇದ್ದ 11 ಮಕ್ಕಳ ಕುರಿತು ಬರೆದ ಮೊದಲ ಲೇಖನದಲ್ಲಿಯೇ, ಅವರಲ್ಲಿ ಹಲವರ ನಡಿಗೆ ತುಸು ಒಡ್ಡೊಡ್ಡಾಗಿತ್ತೆಂಬ ಮಾತಿದೆ. ಇದು ನಿನ್ನ ಅಲಕ್ಷ್ಯದಿಂದ ಬಂದದ್ದಲ್ಲ.

ಇದು ನನಗೆ ತಿಳಿದದ್ದು ಬಹಳ ತಡವಾಗಿ. ನಿನಗೆ ಏಳು ವರ್ಷವಿದ್ದಾಗ, ನಮ್ಮ ಮನೆಯ ಪೂಜೆಯ ಊಟದಲ್ಲಿ ನೀರಿನ ಲೋಟ ನಿನ್ನ ಕೈತಾಗಿ ಉರುಳಿ ಪಕ್ಕದವರ ಎಲೆಗೆ ಹರಿಯಿತು. "ಕೈಯಲ್ಲಿ ಜೀವ ಇಲ್ಲವಾ ನಿನಗೆ?" ಎಂದು ನಾನು ಅಷ್ಟೂ ಜನರ ಎದುರು ಗದರಿದೆ. ನೀನು ಊಟ ಬಿಟ್ಟೆದ್ದು ಬಾವಿಕಟ್ಟೆಯ ಹಿಂದೆ ಸಂಜೆಯವರೆಗೆ ಕುಳಿತಿದ್ದೆ. ಆ ಮಾತಿಗಾಗಿ ನಿನ್ನಲ್ಲಿ ಇಂದು ಕ್ಷಮೆ ಕೇಳುತ್ತೇನೆ. ಯಾರಾದರೂ ಗದರುವ ಮೊದಲೇ ಕಾರಣ ಹೇಳಿ ಬಾಗಿಲು ಹಾಕಿಕೊಳ್ಳುವುದನ್ನು ನೀನು ಕಲಿತದ್ದರಲ್ಲಿ ನನ್ನ ಪಾಲೂ ಇದೆ.

ಆದರೂ ಮಗಾ, ಭರಣಿ ಬೀಳುವುದು ನಿನ್ನ ಹಿಡಿತದಲ್ಲಿ ಇಲ್ಲದಿರಬಹುದು, ಬಿದ್ದ ಮೇಲಿನ ಕೆಲಸ ನಿನ್ನದೇ. ಪಿಂಗಾಣಿ ಒಡೆಯುವ ಸದ್ದು ನಿನ್ನ ತಲೆಯೊಳಗೆ ಎಷ್ಟು ಹೊತ್ತು ಮೊಳಗುತ್ತದೆಂಬುದು ನನಗೆ ಗೊತ್ತು. ಆಗ ಅಲ್ಲಿ ನಿಲ್ಲಲಾಗದಿದ್ದರೆ ಹೊರಗೆ ಹೋಗು. ಹೋಗುವ ಮುನ್ನ "ಇಲ್ಲಿ ಬರಿಗಾಲಲ್ಲಿ ಬರಬೇಡ, ಹತ್ತು ನಿಮಿಷ ಬಿಟ್ಟು ನಾನೇ ತೆಗೆಯುತ್ತೇನೆ" ಎಂದು ಹೇಳು. ಮಾತು ಹೊರಡದಿದ್ದರೆ ಚೀಟಿಯಲ್ಲಿ ಬರೆದಿಡು. ಹೇಳಿದಂತೆ ಹಿಂದಿರುಗಿ, ಚಪ್ಪಲಿ ಹಾಕಿಕೊಂಡು ದೊಡ್ಡ ಚೂರುಗಳನ್ನು ದಪ್ಪ ಕಾಗದದಲ್ಲಿ ಸುತ್ತು, ಚೆಲ್ಲಿದ ರಸದ ಮೇಲೆ ಹಳೆಯ ಪತ್ರಿಕೆ ಹಾಸಿ ಹೀರಿಸು, ಸಾಬೂನಿನ ನೀರಿನಲ್ಲಿ ಎರಡು ಸಲ ಒರೆಸು. ನೂರು ಸಲ ಕ್ಷಮೆ ಕೇಳುವ ಅಗತ್ಯವಿಲ್ಲ, ಒಮ್ಮೆ ಕೇಳಿದರೆ ಸಾಕು.

ನಿನ್ನಿಂದ ಆಗದೆಂದು ನಾನು ಒಪ್ಪುವುದಿಲ್ಲ. ನಮ್ಮ ಬಾವಿಯಿಂದ ನೀರು ಸೇದುವುದನ್ನು ಕಲಿಯಲು ನೀನು ಒಂದು ಇಡೀ ಬೇಸಿಗೆ ರಜೆಯನ್ನೇ ತೆಗೆದುಕೊಂಡೆ. ಮೊದಲು ಖಾಲಿ ಕೊಡಪಾನ, ಆಮೇಲೆ ಅರ್ಧ ತುಂಬಿದ್ದು, ಪ್ರತಿ ಎಳೆತಕ್ಕೂ ಬಾಯಲ್ಲಿ ಲೆಕ್ಕ. ಕೈಚಲನೆಯ ತೊಡಕು ಇರುವವರಿಗೆ ಬೇಕಾದ ಕೆಲಸವನ್ನೇ ಬಿಡಿಸಿ ಬಿಡಿಸಿ ಅಭ್ಯಾಸ ಮಾಡಿಸುವುದು ಫಲ ಕೊಡುತ್ತದೆಂದು ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ಆಕ್ಯುಪೇಶನಲ್ ಥೆರಪಿಯವರೂ ಹೇಳುತ್ತಾರೆ. ಒಡೆಯುವ ವಸ್ತುಗಳನ್ನು ಮೇಜಿನ ಅಂಚಿನಿಂದ ಒಳಗೆ ಸರಿಸುವುದು, ಅವಸರದ ಬೆಳಗಿನಲ್ಲಿ ಸ್ಟೀಲಿನ ಪಾತ್ರೆಯನ್ನೇ ಬಳಸುವುದು ಇವೆಲ್ಲ ನೀನೇ ಮೊದಲು ಯೋಚಿಸಿ ಮಾಡಬೇಕಾದವು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಹೆಸರಿಸಿ ಗುರುತಿಸಿದೆ. ಕಾಲೇಜಿನಲ್ಲೂ ಕೆಲಸದಲ್ಲೂ ನಿನಗೆ ಬೇಕಾದ ಅನುಕೂಲವನ್ನು ಸಂಕೋಚವಿಲ್ಲದೆ ಕೇಳು. ಕೋಣೆಯ ಜೊತೆಗಾರನಿಗೂ ನಿನಗೆ ಯಾವುದು ಕಷ್ಟವೆಂದು ಒಂದು ನೆಮ್ಮದಿಯ ಸಂಜೆ ಕೂತು ಹೇಳು. ಒಡೆದ ಹೊತ್ತಿನಲ್ಲಿ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ.

ಶನಿವಾರ ಬಾ. ಅಟ್ಟದ ಮೇಲೆ ಅಜ್ಜಿಯ ಕಾಲದ ಸಣ್ಣ ಭರಣಿ ಇದೆ, ಈ ವರ್ಷದ ಮಿಡಿಯೂ ಇದೆ. ಇಬ್ಬರೂ ಸೇರಿ ತುಂಬಿಸಿ ಬಾಯಿಗೆ ಬಟ್ಟೆ ಕಟ್ಟೋಣ. ಅದನ್ನು ಟವಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ಆ ಹುಡುಗನ ಕೈಗೆ ನೀನೇ ಕೊಡು.

ಇತಿ,
ನಿನ್ನ ದೊಡ್ಡಮ್ಮ